ಆ ಮನೆಯ ಬೆಂಕಿ

ಎರಡು ಸಾವಿರದ ಇಸವಿಯ ಸುಮಾರಿಗೆ ಟಿಳಕವಾಡಿಯಲ್ಲಿ ನನ್ನ ಬಾಜು ಮನೆಯಲ್ಲಿದ್ದವಳು ನಮ್ಮೂರು ನಂದಗಡದ ನನ್ನ ಬಾಲ್ಯದ ಗೆಳತಿ. ಮಧ್ಯಾಹ್ನ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಊರಿನ ಸುದ್ದಿ ತೆಗೆಯುತ್ತಿದ್ದೆವು. ಸಂತೆಯ ಚುರುಮುರಿ, ಕದ್ದು ತಿಂದ ಹುಣಸೆಕಾಯಿ, ಯಾರ ಅತ್ತೆ ಎಷ್ಟು ಕೆಟ್ಟವಳು, ಎಲ್ಲ. ಅವಳ ಅಪ್ಪನ ಸುದ್ದಿ ಮಾತ್ರ ಇಬ್ಬರೂ ತೆಗೆಯುತ್ತಿರಲಿಲ್ಲ.

ನಾವು ಸಣ್ಣವರಿದ್ದಾಗ ಆತ ಲೋಂಡಾಕ್ಕೆ ರೈಲು ಹಳಿಯ ಕೆಲಸಕ್ಕೆ ಹೋದವನು ಬೇರೆ ಜಾತಿಯವರ ಮನೆಯಲ್ಲಿ ಉಂಡು ಬಂದ. ಪಂಚರು ಅವನ ಚಪ್ಪಲಿಯನ್ನು ಅವನ ತಲೆಯ ಮೇಲೆಯೇ ಹೊರಿಸಿ ಚಾವಡಿಯ ಮುಂದೆ ನಿಲ್ಲಿಸಿದರು. ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಮನೆಯನ್ನು ‘ವಾಳೀತ’ ಹಾಕಿದರು. ಹಾಗೆಂದರೇನು ಎಂದು ಅವ್ವನನ್ನು ಕೇಳಿದೆ.

“ಆ ಮನಿ ಬೆಂಕಿ ತರೂದಿಲ್ಲ, ಆ ಮನಿಗೆ ಬೆಂಕಿ ಕೊಡೂದಿಲ್ಲ. ತಿಳೀತಿಲ್ಲೋ?”

ಆಗ ಕಡ್ಡಿಪೆಟ್ಟಿಗೆ ಎಲ್ಲರ ಮನೆಯಲ್ಲಿ ಎಲ್ಲಿತ್ತು? ಒಲೆ ಆರಿದರೆ ಹೆಂಚಿನ ಚೂರಿನಲ್ಲಿ ನೆರೆಮನೆಯ ಕೆಂಡ ತರುವುದು. ಮರುದಿನ ಗೆಳತಿ ಹೆಂಚು ಹಿಡಿದು ಬಂದಳು. ನಾನು ಬಾಗಿಲು ಹಾಕಿಕೊಂಡೆ. ಮುಂದೆ ಅವಳಪ್ಪ ತಪ್ಪಿನ ದಂಡವೆಂದು ಜಾತಿಯವರಿಗೆಲ್ಲ ಊಟ ಹಾಕಿಸಿದ ಮೇಲೆ ಆ ಮನೆಯವರನ್ನು ಮತ್ತೆ ಜಾತಿಯೊಳಗೆ ಕರೆದುಕೊಂಡರು. ನಮ್ಮ ಕುಂಟಾಟವೂ ಮತ್ತೆ ಶುರುವಾಯಿತು.

ಟಿಳಕವಾಡಿಯಲ್ಲಿ ಒಂದು ಬೆಳಿಗ್ಗೆ ಗ್ಯಾಸಿನ ಲೈಟರ್ ಕೆಟ್ಟಿತು. ಸೊಸೆ ಕಡ್ಡಿಪೆಟ್ಟಿಗೆ ಕೇಳಲು ಬಾಜು ಮನೆಗೆ ಹೊರಟಳು.

“ಆ ಮನಿ ಬೆಂಕಿ ಬ್ಯಾಡ!”

ನನ್ನ ಬಾಯಿಂದಲೇ ಬಂತು. ಎಲ್ಲಿಂದ ಬಂತೋ ಗೊತ್ತಿಲ್ಲ. ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಗೆಳತಿ ತಲೆಯೆತ್ತಿ ನೋಡಿ, ರಂಗೋಲಿ ಅರ್ಧಕ್ಕೇ ಬಿಟ್ಟು ಒಳಗೆ ಹೋದಳು. ನಾಲ್ಕು ದಿನ ಮೆಟ್ಟಿಲಿಗೆ ಬರಲಿಲ್ಲ. ಅವಳನ್ನು ಬಿಟ್ಟರೆ ಆ ಊರಿನ ಮಾತಾಡಲು ನನಗೆ ಇನ್ನಾರೂ ಇರಲಿಲ್ಲ. ಐದನೆಯ ದಿನ ನಾನೇ ಹೋದೆ.

“ತಪ್ಪಾತು. ಬೈತೀಯಂದ್ರ ಬೈ.”

“ಬೈದು ಏನ್ಮಾಡ್ಲಿ? ಹಲ್ಲ ಉದುರಿದ್ರೂ ಬುದ್ಧಿ ಬರಲಿಲ್ಲ ನಿನಗ,” ಅಂದಳು. ಅಕ್ಕಿಯ ಮೊರ ಬದಿಗಿಟ್ಟು, “ಅವತ್ತ ನೀ ಬಾಗಲಾ ಹಾಕಿದ್ಯಲಾ, ನನ್ನ ತಮ್ಮಗ ಜ್ವರಾ ಬಂದಿದ್ವು. ಗಂಜಿ ಕಾಸಾಕ ಬೆಂಕಿ ಬೇಕಾಗಿತ್ತು.”

“ಮುಂದ?”

“ಮುಂದೇನ? ತಣ್ಣೀರಾಗ ಅವಲಕ್ಕಿ ನೆನಸಿ ತಿನಿಸಿದ್ವಿ. ಬದಕಿದ, ಗಟ್ಟಿ ಜೀವ.”

ಇಷ್ಟು ವರ್ಷ ನಾನು ಚಪ್ಪಲಿ ಹೊತ್ತವನನ್ನು ಮಾತ್ರ ನೆನಪಿಟ್ಟಿದ್ದೆ. ಜ್ವರದ ಕೂಸಿನ ಸುದ್ದಿ ಅವಳೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತೆ. ಅವಳು ಹೋಗು ಅನ್ನಲಿಲ್ಲ.