ಎರಡು ಬೆರಳು ಮಾರ್ಜಿನ್

ಬೀದಿಗೆಲ್ಲ ಅವಳು ಕತ್ತರಿ ಅಕ್ಕ. ಮಹಡಿ ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿಯಲ್ಲಿ ಅವಳು ಬಟ್ಟೆ ಕತ್ತರಿಸಬೇಕು, ತಂಗಿ ಮಿಷನ್ನಿನ ಮುಂದೆ ಕೂತು ಹೊಲಿಯಬೇಕು. ಅಪ್ಪ ತೀರಿಕೊಂಡಂದಿನಿಂದ ನಡೆದುಬಂದ ಏರ್ಪಾಡು ಅದು. ಕತ್ತರಿ ಅಕ್ಕನಿಗೆ ಒಂದೇ ಹಟ. ಹೊಲಿಗೆಯ ಗೆರೆಯಾಚೆ ಎರಡು ಬೆರಳು ಮಾರ್ಜಿನ್ ಬಿಡದೆ ಕತ್ತರಿ ಆಡಿಸಿದವಳೇ ಅಲ್ಲ. ಹೆಚ್ಚಾದರೆ ಒಳಗೆ ಮಡಚಬಹುದು, ಕಡಿಮೆಯಾದರೆ ಎಲ್ಲಿಂದ ತರೋಣ ಎನ್ನುವಳು.

"ನಿಮ್ಮಕ್ಕ ಕತ್ತರಿಸಿದ ಗೌನು ಬಿಚ್ಚಿದ್ರೆ ಒಳಗಡೆ ಇನ್ನೊಂದು ಗೌನು ಸಿಗುತ್ತೆ ಕಣೇ," ಎಂದು ಎದುರಿನ ಬೇಕರಿಯವಳು ತಂಗಿಯನ್ನು ಕಾಡಿಸುತ್ತಿದ್ದಳು.

ತಂಗಿಯ ಎಡ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿತು. ಕ್ಯಾನ್ಸರೇ, ಆದರೆ ಶುರುವಿನಲ್ಲೇ ಸಿಕ್ಕಿತ್ತು, ಗಂಟನ್ನಷ್ಟೇ ತೆಗೆದರು. ಗಾಯ ಮಾಗಿದ ಮೇಲೆ ಡಾಕ್ಟರಮ್ಮ ಅಕ್ಕತಂಗಿಯರನ್ನು ಎದುರಿಗೆ ಕೂರಿಸಿಕೊಂಡು ಎರಡು ಚಿತ್ರ ಬರೆದರು. ಒಂದರಲ್ಲಿ ಇಡೀ ಸ್ತನದ ತುಂಬ ಗೆರೆ, ಇನ್ನೊಂದರಲ್ಲಿ ಗಂಟಿದ್ದ ಜಾಗಕ್ಕೆ ಮಾತ್ರ ಒಂದು ಸಣ್ಣ ಸುತ್ತು.

"ರೇಡಿಯೇಷನ್ ಹೀಗೂ ಕೊಡಬಹುದು, ಹಾಗೂ ಕೊಡಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ವರ್ಷಗಟ್ಟಲೆ ನೋಡಿದ್ದಾರೆ. ನಿಮಗೆ ಬಂದಂಥ ಗಂಟಾದ್ರೆ, ಕಾಯಿಲೆ ಮತ್ತೆ ಬರದ ಹಾಗೆ ತಡೆಯೋದ್ರಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಪೂರ್ತಿ ಕೊಟ್ಟಾಗ ಕೆಲವರಿಗೆ ಆಮೇಲೆ ಸ್ತನ ಗಟ್ಟಿಯಾಗುತ್ತೆ, ಕುಗ್ಗುತ್ತೆ. ಈ ಸಣ್ಣ ಸುತ್ತಿನದರಲ್ಲಿ ಆ ಕಾಟ ಕಮ್ಮಿ. ಯಾವುದು ಅಂತ ನೀವು ಹೇಳಿ."

ತಂಗಿಯ ಬೆರಳು ಸಣ್ಣ ಸುತ್ತಿನ ಮೇಲೆ ಬಂದು ನಿಂತಿತು. "ಇದು ಸಾಕಲ್ವಾ ಅಕ್ಕಾ?"

"ಸಾಕಂತೆ, ಸಾಕು. ಯಾವತ್ತಾದ್ರೂ ಕತ್ತರಿ ಹಿಡಿದಿದ್ದೀಯಾ ನೀನು? ಮಾರ್ಜಿನ್ ಇರಲಿ ಬಿಡೇ. ಡಾಕ್ಟ್ರೇ, ಪೂರ್ತಿ ಕೊಡಿ."

ಡಾಕ್ಟರಮ್ಮ ತಂಗಿಯ ಮುಖ ನೋಡಿದರು. ತಂಗಿ ಎಂದಿನಂತೆ ಅಕ್ಕನ ಮುಖ ನೋಡಿ ತಲೆಯಾಡಿಸಿದಳು.

ಕಾಯಿಲೆ ಮರಳಲಿಲ್ಲ. ಆದರೆ ಬರಬರುತ್ತ ಎಡಭಾಗ ಬಿಗಿದುಕೊಂಡು ಕುಗ್ಗಿತು. ಮಿಷನ್ನಿನ ಮೇಲೆ ಬಾಗಿ ಬಟ್ಟೆ ತಳ್ಳುವಾಗ ಒಳಗೆ ಎಳೆದಂತಾಗಿ ತಂಗಿ ಪೆಡಲು ನಿಲ್ಲಿಸುವಳು. ಆ ಸದ್ದು ನಿಂತಾಗಲೆಲ್ಲ ಅಕ್ಕನ ಕತ್ತರಿಯೂ ನಿಲ್ಲುವುದು.

ಒಮ್ಮೆ ಅಕ್ಕ ಒಬ್ಬಳೇ ಹೋಗಿ ಡಾಕ್ಟರಮ್ಮನನ್ನು ಕೇಳಿದಳು: "ಅದನ್ನ ಸ್ವಲ್ಪ ಬಿಚ್ಚೋಕೆ ಆಗಲ್ವಾ?"

"ಅದು ಹೊಲಿಗೆ ಅಲ್ಲಮ್ಮ. ವ್ಯಾಯಾಮ ಮಾಡಿದ್ರೆ ಒಂಚೂರು ಸಡಿಲ ಆಗಬಹುದು. ಪೂರ್ತಿ ಕೊಟ್ಟವರಿಗೆಲ್ಲ ಹೀಗಾಗಲ್ಲ. ನಿಮ್ಮ ತಂಗಿಗೆ ಆಯ್ತು."

ಸಮಾಧಾನದ ಮಾತೇ ಅದು. ಅಕ್ಕನ ಕಣ್ಣಿಗೆ ಕಟ್ಟಿದ್ದು ಮಾತ್ರ ಸಣ್ಣ ಸುತ್ತಿನ ಮೇಲೆ ನಿಂತಿದ್ದ ಬೆರಳು. ಅಂಗಡಿಯ ಬುದ್ಧಿಯನ್ನು ಒಡಹುಟ್ಟಿದವಳ ಮೈಮೇಲೆ ತಂದು ಹಾಕಿದೆನಲ್ಲ ಎಂದು ದಾರಿಯುದ್ದಕ್ಕೂ ಕೊರಗಿದಳು. ಬಟ್ಟೆಯಲ್ಲಿ ಹೆಚ್ಚು ಬಿಟ್ಟದ್ದು ಒಳಗೇ ಉಳಿದಿರುತ್ತದೆ. ಇಲ್ಲಿ ಹೆಚ್ಚು ಕೊಟ್ಟದ್ದು ತಂಗಿಯ ಮೈಯನ್ನೇ ತಿಂದಿತ್ತು.

ಮರುದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಟೇಪು ಹಿಡಿದು ಕರೆದಳು. "ಬಾರೇ, ನಿಂಗೊಂದು ಗೌನು ಕತ್ತರಿಸ್ತೀನಿ. ಎಡಗಡೆ ಬೇರೆ ಅಳತೆ ಇಟ್ರೆ ಯಾರಿಗೂ ಗೊತ್ತಾಗಲ್ಲ."

"ಟೇಪು ಇಲ್ಲಿ ಕೊಡು. ನಂದು ನಾನೇ ಕತ್ತರಿಸ್ಕೋತೀನಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತು ಡಾಕ್ಟ್ರ ಮುಂದೆ ತೀರ್ಮಾನ ನಿಂಗೇ ಬಿಡಬೇಕಿತ್ತು ಕಣೇ."

"ಹೂಂ," ಎಂದಳು ತಂಗಿ. "ಬಿಡಬೇಕಿತ್ತು."

ಅಕ್ಕ ಮಿಷನ್ನಿನ ಮುಂದೆ ಕೂತಳು. ತಂಗಿ ಮೇಜಿನ ಮೇಲೆ ಬಟ್ಟೆ ಹರಡಿ, ಎಡಗಡೆ ಎಳೆಯದ ಹಾಗೆ ಮೆಲ್ಲಗೆ ಬಾಗಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಗೆರೆಯಾಚೆ ಬಿಟ್ಟದ್ದು ಅರ್ಧ ಬೆರಳೂ ಇರಲಿಲ್ಲ. ಅಕ್ಕನ ತುಟಿ ಅಲುಗಿತು.

"ಏನೋ ಹೇಳೋಕೆ ಬಂದೆ?"

"ಏನಿಲ್ಲ. ಕತ್ತರಿಸು."