ಮೆಣಸೆಯಲ್ಲಿ ನಾಲ್ಕು ಗದ್ದೆ

2006ರ ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ನರಸಿಂಹರಾಜಪುರದಲ್ಲಿ ಕೊಪ್ಪದ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಸೀರೆ, ಬೈಬಲ್ಲು, ಹಳೇ ಪೇಪರಿನಲ್ಲಿ ಸುತ್ತಿದ ಕುಡುಗೋಲು. ಅದರ ಮೂತಿ ಹೊರಗೆ ಇಣುಕುತ್ತಿದ್ದರಿಂದ ಪಕ್ಕದವರು ಸರಿದೇ ಕೂತರು. ಹದಿನಾಲ್ಕು ರೂಪಾಯಿ ಟಿಕೆಟ್ಟಿಗೆ ಅಷ್ಟು ಅಗಲದ ಸೀಟು ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಹೊರಟಿದ್ದು ಮೆಣಸೆಯ ಗಿರಿಜಕ್ಕನ ಭತ್ತ ಕೊಯ್ಯಲು. ನಾಲ್ಕು ವರ್ಷದ ಹಿಂದೆ ನಮ್ಮ ಚರ್ಚಿನ ಸಭೆಯಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು. ಗಂಡ ಸೊಂಟನೋವಿನಿಂದ ಹಾಸಿಗೆ ಹಿಡಿದಿದ್ದರು. ಆ ಕಡೆ ಕೊಯ್ಲು ನಡೆಯುವುದು ಮುಯ್ಯಾಳಿನಿಂದ: ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮದಕ್ಕೆ. ಈ ಸಲ ಗಿರಿಜಕ್ಕನ ಗದ್ದೆಗೆ ಯಾರೂ ಬರುವುದಿಲ್ಲವೆಂದು ಸುದ್ದಿ ಬಂದಿತ್ತು.

ಕೊಪ್ಪದಲ್ಲಿ ಬನ್ಸು, ಕಾಫಿ ಮುಗಿಸಿ, ಜೊತೆಗೆ ಬರಬೇಕಿದ್ದ ಸಭೆಯ ಮೂವರಿಗೆ ಬೂತಿನಿಂದ ಫೋನು ಮಾಡಿದೆ. ಒಬ್ಬರಿಗೆ ಜ್ವರ. ಇನ್ನಿಬ್ಬರು, ಅಲ್ಲಿ ಈಗ ವಾತಾವರಣ ಸರಿಯಿಲ್ಲ, ಮುಂದಿನ ವಾರ ನೋಡೋಣ ಎಂದರು. ನನಗೂ ವಾಪಸು ಹೋಗುವ ಮನಸ್ಸಾಯಿತು. ಅಷ್ಟರಲ್ಲಿ ಶೃಂಗೇರಿ ಬಸ್ಸು ಬಂದುಬಿಟ್ಟಿತು. ನನ್ನನ್ನು ಮುಂದೆ ಒಯ್ದದ್ದು ಅದೇ, ಧೈರ್ಯವಲ್ಲ.

ಶೃಂಗೇರಿಯಿಂದ ಆಟೋ ಹಿಡಿದು ಮನೆ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಚಿಕ್ಕ ಗದ್ದೆಗಳು ನಾಲ್ಕು, ನಾಲ್ಕೂ ಬಲಿತು ಬಾಗಿದ್ದವು. ಮೇಲೆ ಮೋಡ. ಒಂದು ಮಳೆ ಬಿದ್ದರೆ ವರ್ಷದ ಅನ್ನ ಕೆಸರಿಗೆ.

ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಮನೆಯ ತಿಮ್ಮಪ್ಪಣ್ಣ ಬಂದು ಅಂಗಳದಲ್ಲೇ ನಿಂತರು. ಒರಟು ಮಾತಿನ ಮನುಷ್ಯರಲ್ಲ.

"ನಿಮ್ಮ ಮೇಲೆ ಸಿಟ್ಟಿಲ್ಲ ಗಿರಿಜಮ್ಮ. ಭಾನುವಾರ ಜಗಲಿ ಮೇಲೆ ಮಾಡೋ ಪ್ರಾರ್ಥನೆ ಒಂದು ಬಿಡಿ. ಸೋಮವಾರ ಎಂಟು ಜನ ಗದ್ದೆಗಿಳೀತೀವಿ."

ಗಿರಿಜಕ್ಕ ಕಾಫಿ ಕುಡಿದು ಹೋಗಿ ಎಂದರು. ಅವರು ಕುಡಿಯದೆ ಹೋದರು.

ಆಗ ನಾನೊಂದು ಜಾಣತನ ಮಾಡಿದೆ. ಒಂದು ತಿಂಗಳು ಪ್ರಾರ್ಥನೆ ನಮ್ಮೂರಿನಲ್ಲಿ ಇಟ್ಟುಕೊಳ್ಳೋಣ, ಮೊದಲು ಭತ್ತ ಮನೆ ಸೇರಲಿ, ದೇವರಿಗೆ ಅರ್ಥವಾಗುತ್ತದೆ ಎಂದೆ.

"ನೀವು ಓದಿದೋರು ಟೀಚ್ರೆ," ಎಂದರು ಗಿರಿಜಕ್ಕ. "ನಂಗೆ ಇಷ್ಟೇ ಗೊತ್ತು. ಈ ಸಲ ಭತ್ತಕ್ಕೆ ಅಂತ ಯೇಸುನ ಬಿಟ್ರೆ, ಮುಂದಿನ ಸಲ ಇನ್ನೂ ಸಣ್ಣದಕ್ಕೆ ಬಿಡ್ತೀನಿ."

ಹತ್ತು ವರ್ಷ ಮಕ್ಕಳಿಗೆ ಭಾನುವಾರದ ಪಾಠ ಹೇಳಿದವಳು ನಾನು. ನಾಚಿಕೆಯಾಯಿತು.

ಭಾನುವಾರ ಜಗಲಿಯ ಮೇಲೆ ನಾವಿಬ್ಬರೇ ಕೂತೆವು. ಒಳಗಿನಿಂದ ಗಂಡನೂ ದನಿಗೂಡಿಸಿದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರೆ ನನ್ನ ದನಿ ತಾನಾಗಿ ತಗ್ಗುತ್ತಿತ್ತು, ಗಿರಿಜಕ್ಕನದು ತಗ್ಗಲಿಲ್ಲ. ಮಧ್ಯಾಹ್ನ ಗದ್ದೆಗಿಳಿದು ಕತ್ತಲಾಗುವಷ್ಟರಲ್ಲಿ ಒಂದನ್ನು ಕೊಯ್ದೆವು. ನನ್ನ ಅಂಗೈ ತುಂಬ ಬೊಬ್ಬೆ.

ಸೋಮವಾರ ನನಗೆ ಶಾಲೆಯಿತ್ತು. ಗಿರಿಜಕ್ಕ ಬೆಳಿಗ್ಗೆಯೇ ಕುಡುಗೋಲು ಮಸೆದು ಹೊರಟರು, ಆದರೆ ತಮ್ಮ ಗದ್ದೆಯ ಕಡೆಗಲ್ಲ. ಎಲ್ಲಿಗೆಂದು ಕೇಳಿದೆ.

"ತಿಮ್ಮಪ್ಪಣ್ಣನ ಗದ್ದೆಗೆ. ಮಳೆಗಾಲದಲ್ಲಿ ನಮ್ಮ ನಟ್ಟಿಗೆ ಅವ್ರ ಮನೆಯೋರು ಬಂದಿದ್ರು. ಆ ಮುಯ್ಯಿ ತೀರಿಸ್ಬೇಕಲ್ಲ."

"ಅವರು ನಿಮ್ಮ ಕೊಯ್ಲಿಗೆ ಬರೋದಿಲ್ಲ ಅಂದರಲ್ಲ?"

"ಅದು ಅವ್ರಿಗೆ ಬಿಟ್ಟಿದ್ದು. ನಾನು ಹೋಗ್ದೆ ಇದ್ರೆ ಪ್ರಾರ್ಥನೆ ಮಾಡಿ ಏನು ಬಂತು?"

ಎಂಟೂವರೆಯ ಬಸ್ಸು ಹತ್ತಿದೆ. ತಿಮ್ಮಪ್ಪಣ್ಣನ ಗದ್ದೆ ರಸ್ತೆಗೆ ತಾಗಿಕೊಂಡೇ ಇತ್ತು. ಸಾಲಿನಲ್ಲಿ ಎಂಟು ಜನ ಒಂದು ಕಡೆ ಸರಿದಿದ್ದರು. ಆಚೆ ತುದಿಯಲ್ಲಿ ಗಿರಿಜಕ್ಕ ಒಬ್ಬರೇ ಬಗ್ಗಿ ಕೊಯ್ಯುತ್ತಿದ್ದರು. ತಿಮ್ಮಪ್ಪಣ್ಣ ಬದುವಿನ ಮೇಲೆ ನಿಂತು ಬೇರೆಲ್ಲೋ ನೋಡುತ್ತಿದ್ದರು. ಮೋಡ ಇನ್ನೂ ಕೆಳಗಿಳಿದಿತ್ತು.

"ಇಳೀತೀನಿ," ಎಂದೆ.

"ಈಗಷ್ಟೇ ಹತ್ತಿದ್ರಲ್ಲ ಮಾರಾಯ್ರೆ," ಎನ್ನುತ್ತ ಕಂಡಕ್ಟರು ಸೀಟಿ ಊದಿದ.

ಹೆಡ್‌ಮಾಸ್ಟರಿಗೆ ಏನು ಹೇಳುವುದೆಂದು ಆಮೇಲೆ ಯೋಚಿಸಿದರಾಯಿತೆಂದು, ಪೇಪರು ಬಿಚ್ಚಿ ಕುಡುಗೋಲು ತೆಗೆದು ಗಿರಿಜಕ್ಕನ ಎರಡನೇ ಗದ್ದೆಗೆ ಇಳಿದೆ. ಮುಯ್ಯಿ ತೀರಿಸಿ ಬಂದ ಗಿರಿಜಕ್ಕನನ್ನು ಬಿಟ್ಟು ಅಲ್ಲಿಗೆ ಬೇರೆ ಯಾರೂ ಬರಲಿಲ್ಲ, ಮಳೆಯೂ ಬರಲಿಲ್ಲ. ನಾನು ಊರಿಗೆ ಮರಳಿದ್ದು ಬುಧವಾರ, ನಾಲ್ಕನೇ ಗದ್ದೆ ಮುಗಿದ ಮೇಲೆ.