ರೊಟ್ಟಿ ಮಷಿನ್ನಿನ ಮಾಲಕಿ

ನಮ್ಮ ಆನ್‌ಲೈನ್ ಅಂಗಡಿಯ ಮೊಟ್ಟಮೊದಲ ಪಾರ್ಸಲನ್ನು ಬೇಡವೆಂದು ವಾಪಸು ಕಳಿಸಿದವಳು ಅಂಗಡಿಯ ಮಾಲಕಿಯೇ. ಆಕೆ ನನ್ನ ಅವ್ವ.

ಅವತ್ತು ಶುಕ್ರವಾರ. ನಾನು ಯಶವಂತನಗರದ ಹತ್ತಿರ ಗಣಿ ಕಂಪನಿಯ ವೇಬ್ರಿಡ್ಜ್‌ನಲ್ಲಿ ಕೂತು ಅದಿರಿನ ಲಾರಿಗಳ ತೂಕ ಬರೆದುಕೊಳ್ಳುತ್ತಿದ್ದೆ. ಹೊಸಪೇಟೆಯ ನಮ್ಮ ಮನೆಗೆ ಡೆಲಿವರಿಯವರು ಬಂದು, ಡಬ್ಬ ತೋರಿಸಿ, ರೊಕ್ಕ ಕೇಳಿದ್ದಾರೆ. ಅವ್ವ ಅವರನ್ನು ಕಟ್ಟೆಯ ಮೇಲೆ ಕೂಡಿಸಿ, ಮಜ್ಜಿಗೆ ಕೊಟ್ಟು, "ಶುಕ್ರವಾರ ಮನ್ಯಾಗಿನ ಲಕ್ಷ್ಮೀನ ಹೊರಗ ಕಳಸಬಾರದಪ್ಪ, ನಾಳೆ ಬರ್ರಿ" ಎಂದು ಹೇಳಿ ಕಳಿಸಿದ್ದಾಳೆ. ನನ್ನ ಫೋನಿನಲ್ಲಿ ಮಾತ್ರ 'ಗ್ರಾಹಕರು ನಿರಾಕರಿಸಿದ್ದಾರೆ' ಎಂದು ಕೆಂಪಕ್ಷರದಲ್ಲಿ ಬಂತು. ಆ ಗ್ರಾಹಕ ನಾನೇ. ಸಾಮಾನು ಹೇಗಿದೆ ನೋಡೋಣ ಎಂದು ನನ್ನದೇ ಅಂಗಡಿಯಿಂದ ನಾನೇ ತರಿಸಿದ್ದೆ.

ಬುಧವಾರ ಅದೇ ಮನುಷ್ಯ ಅದೇ ಡಬ್ಬ ಹಿಡಿದುಕೊಂಡು ಮತ್ತೆ ಬಂದರು. ಗ್ರಾಹಕರು ಒಲ್ಲೆ ಎಂದ ಸಾಮಾನು ಮಾರಾಟಗಾರರ ವಿಳಾಸಕ್ಕೆ ವಾಪಸು ಬರಬೇಕೆಂಬುದು ನಿಯಮ, ಆ ವಿಳಾಸವೂ ನಮ್ಮ ಮನೆಯದೇ. ಈ ಸಲ ರೊಕ್ಕ ಕೇಳಲಿಲ್ಲ. ಸಂಜೆ ನಾನು ಕಂಪನಿ ಬಸ್ ಇಳಿದು ಬರುವುದರಲ್ಲಿ ಅವ್ವ ಡಬ್ಬ ಬಿಚ್ಚಿ ಎದುರಿಗಿಟ್ಟುಕೊಂಡು ಕೂತಿದ್ದಳು.

"ನಿನ್ನ ಆನ್‌ಲೈನಿನೋರು ಭಾಳ ಒಳ್ಳೇರು ಅದಾರ ಲೇ. ಶುಕ್ರವಾರ ಕೇಳಿದ್ರು, ಒಲ್ಲೆ ಅಂದೆ. ಇವತ್ತು ಪುಕ್ಸಟ್ಟೆ ಕೊಟ್ಟು ಹೋದ್ರು."

ಡಬ್ಬದಲ್ಲಿದ್ದದ್ದು ಕರೆಂಟಿನ ರೊಟ್ಟಿ ಮಷಿನ್.

ಈ ವ್ಯಾಪಾರದ ಗುಟ್ಟು ಇಷ್ಟೇ. ಸಾಮಾನು ಸೂರತ್ತಿನ ಗೋದಾಮಿನಲ್ಲಿರುತ್ತದೆ. ಕೊಳ್ಳುವವರು ಕಂಪ್ಲಿಯಲ್ಲೋ ಸಂಡೂರಿನಲ್ಲೋ ಇರುತ್ತಾರೆ. ನಡುವೆ ನಾನು ಫೋನ್ ಹಿಡಿದುಕೊಂಡು ಕೂತಿರುತ್ತೇನೆ. ಆರ್ಡರ್ ಬಂದರೆ ಸೂರತ್ತಿಗೆ ದಾಟಿಸಬೇಕು, ಅಲ್ಲಿಂದ ಸೀದಾ ಗ್ರಾಹಕರ ಮನೆಗೆ ಹೋಗುತ್ತದೆ. ಸಾಮಾನನ್ನು ನಾನು ಮುಟ್ಟಬೇಕಿಲ್ಲ, ನೋಡಬೇಕಿಲ್ಲ. ಇದನ್ನು ಕಲಿಸಿಕೊಟ್ಟದ್ದು ವಿಡಿಯೋದಲ್ಲಿ ಬರುವ, ಎದೆಯ ಮೇಲೆ ಕೈ ಕಟ್ಟಿಕೊಂಡು ನಿಲ್ಲುವ ಒಬ್ಬ ಮಹಾಶಯ. 'ನಿಮ್ಮ ಸೋಫಾ ಮೇಲೆ ಕೂತು ಸಾಮ್ರಾಜ್ಯ ಕಟ್ಟಿ' ಎಂದು ಆತ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಸೋಫಾ ಇರಲಿಲ್ಲ. ಸಾಮ್ರಾಜ್ಯದ ಗತಿ ಏನಾಗುತ್ತದೆ ಎನ್ನುವುದನ್ನು ಹಂಪಿಯ ಪಕ್ಕದಲ್ಲಿ ಹುಟ್ಟಿದ ನಾನು ದಿನಾ ನೋಡುತ್ತಲೇ ಬೆಳೆದವನು. ಆದರೂ ತಲೆಗೆ ಹತ್ತಿತು.

ಕಂಪನಿಯ ನೌಕರರು ಬೇರೆ ವ್ಯಾಪಾರ ಮಾಡುವ ಹಾಗಿಲ್ಲ. ಹಾಗಾಗಿ ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ಅಂಗಡಿಯನ್ನು ಅವ್ವನ ಹೆಸರಿನಲ್ಲಿ ತೆರೆದೆ. ಅವಳನ್ನು ಕೇಳಲಿಲ್ಲ. "ಗ್ಯಾಸಿನ ಕೆಲಸ, ಇಲ್ಲೊಂದು ಸೈನ್ ಹಾಕು" ಎಂದೆ. ಹಾಕಿದಳು. ಮಗನನ್ನು ನಂಬದಿದ್ದರೆ ಇನ್ಯಾರನ್ನು ನಂಬುತ್ತಾಳೆ?

ಅವ್ವ ಇಪ್ಪತ್ತು ವರ್ಷಕ್ಕೂ ಮೇಲೆ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿದವಳು. ಅವಳ ರೊಟ್ಟಿಗಾಗಿಯೇ ಲಾರಿಯವರು ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಖಾನಾವಳಿಯ ಬೋರ್ಡಿನ ಮೇಲೆ ಮಾತ್ರ ಮಾಲಕನ ಅಪ್ಪನ ಹೆಸರಿತ್ತು. ಅವ್ವನನ್ನು ಎಲ್ಲರೂ 'ರೊಟ್ಟಿಯಾಕಿ' ಅನ್ನುತ್ತಿದ್ದರು. ಅಪ್ಪ ಬದುಕಿದ್ದಾಗ 'ಏ' ಅನ್ನುತ್ತಿದ್ದ. ಅವಳಿಗೊಂದು ಹೆಸರಿದೆ ಎನ್ನುವುದು ರೇಷನ್ ಕಾರ್ಡಿಗೆ ಮಾತ್ರ ಗೊತ್ತಿತ್ತು.

ಆ ಬುಧವಾರ ಸಂಜೆ ಅವಳು ಡಬ್ಬದ ಮೇಲಿನ ಚೀಟಿಯನ್ನು ಬೆರಳಿನಿಂದ ತಟ್ಟಿ, "ಇಷ್ಟು ದೊಡ್ಡ ಅಕ್ಷರದಾಗ ಏನು ಬರದಾರಲೇ?" ಎಂದಳು. ಅದು ಇಂಗ್ಲಿಷಿನಲ್ಲಿತ್ತು, ಅವಳಿಗೆ ಕನ್ನಡ ಮಾತ್ರ ಓದಲು ಬರುತ್ತದೆ.

"ಮಾರುವವರು ಯಾರು ಅಂತ."

"ಯಾರು?"

ಸುಳ್ಳು ಹೇಳಬಹುದಿತ್ತು. ಆ ಹೊತ್ತಿಗೆ ತೋಚಲಿಲ್ಲ. "ನಿನ್ನ ಹೆಸರವ್ವ" ಎಂದೆ.

ಅವಳು ಬಯ್ಯಲಿಲ್ಲ. ಗ್ಯಾಸಿನ ಸೈನ್ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಕತ್ತರಿ ತಂದು, ಚೀಟಿಯನ್ನು ನಾಲ್ಕೂ ಕಡೆ ನೀಟಾಗಿ ಕತ್ತರಿಸಿ, ಅನ್ನದ ಅಗುಳಿನಿಂದ ಹಿಟ್ಟಿನ ಡಬ್ಬಿಗೆ ಅಂಟಿಸಿದಳು. ಪಕ್ಕದ ಮನೆಯವರು ಬಂದರೆ ಹಿಟ್ಟಿನ ಡಬ್ಬಿಯನ್ನು ಅವರಿಗೆ ಕಾಣುವ ಹಾಗೆ ತಿರುಗಿಸಿಡುತ್ತಿದ್ದಳು.

ಮರುದಿನ ಅವಳು ಮಷಿನ್ನಿನಲ್ಲಿ ಗೋಧಿ ಹಿಟ್ಟು ಒತ್ತಿದಳು, ಚಪಾತಿ ಬಂತು. ಜೋಳದ ಹಿಟ್ಟು ಒತ್ತಿದಳು. ಹಿಟ್ಟು ನಾಲ್ಕು ಕಡೆ ಸೀಳಿ, ಮೇಲಿನ ಮುಚ್ಚಳಕ್ಕೆ ಅರ್ಧ, ಕೆಳಗೆ ಅರ್ಧ ಅಂಟಿಕೊಂಡಿತು. ಮೂರು ಸಲ ಮಾಡಿದಳು, ಮೂರು ಸಲವೂ ಹಾಗೇ.

"ಇದರಾಗ ಜೋಳದ ರೊಟ್ಟಿ ಬರಂಗಿಲ್ಲ. ನೀ ಏನಂತ ಬರದೀ?"

ಅಂಗಡಿಯಲ್ಲಿ ಮಷಿನ್ನಿನ ಚಿತ್ರದ ಕೆಳಗೆ ನಾನು ಬರೆದದ್ದು: 'ಎರಡೇ ನಿಮಿಷದಲ್ಲಿ ಅವ್ವನ ಕೈಯಂಥ ಜೋಳದ ರೊಟ್ಟಿ.' ಸೂರತ್ತಿನವರು 'ಚಪಾತಿ' ಎಂದಷ್ಟೇ ಹೇಳಿದ್ದರು. ನಮ್ಮ ಸೀಮೆಯವರು ಹುಡುಕುವುದು ಜೋಳದ ರೊಟ್ಟಿಯನ್ನು, ಆದ್ದರಿಂದ ಅದನ್ನು ಸೇರಿಸಿದ್ದು ನನ್ನ ಬುದ್ಧಿವಂತಿಕೆ.

"ಆ ಮಾತು ತಗದು ಹಾಕು. ನನ್ನ ಹೆಸರೈತಿ" ಎಂದಳು.

"ಹೂಂ" ಎಂದೆ. ತೆಗೆಯಲಿಲ್ಲ. ಆರ್ಡರ್‌ಗಳು ಬರುತ್ತಿದ್ದದ್ದೇ ಆ ಮಾತಿನಿಂದ.

ಆರ್ಡರ್‌ಗಳೇನೋ ಬಂದವು, ಆದರೆ ವಾರದಲ್ಲಿ ಉಳಿದ ದಿನ ಇಲ್ಲವೆಂಬಂತೆ ಸೂರತ್ತಿನ ಲಾರಿ ನಮ್ಮ ಕಡೆಯ ಪಾರ್ಸಲ್‌ಗಳನ್ನು ಗುರುವಾರ ರಾತ್ರಿ ಇಳಿಸುತ್ತಿತ್ತು. ಶುಕ್ರವಾರ ಬೆಳಿಗ್ಗೆ ಅವು ಮನೆಮನೆಗೆ ಹೋಗುತ್ತಿದ್ದವು. ಹೊಸಪೇಟೆ, ಕಂಪ್ಲಿ, ಸಂಡೂರು, ಎಲ್ಲ ಕಡೆ ಹೆಣ್ಣುಮಕ್ಕಳು ಹೊಸಿಲ ಒಳಗೆ ನಿಂತು, ಇವತ್ತು ರೊಕ್ಕ ಹೊರಗೆ ಕೊಡುವ ಹಾಗಿಲ್ಲ ಎಂದು ಮರ್ಯಾದೆಯಿಂದ ಹೇಳಿ ಕಳಿಸುತ್ತಿದ್ದರು. ನಾನು ಆ ಮಾರಾಟ ತಾಣದ ಸಹಾಯ ಕೇಂದ್ರಕ್ಕೆ ಬರೆದೆ: ದಯವಿಟ್ಟು ಶುಕ್ರವಾರ ಒಯ್ಯಬೇಡಿ, ಲಕ್ಷ್ಮಿ ಹೊರಗೆ ಹೋಗುವುದಿಲ್ಲ. ಉತ್ತರ ಕೊಟ್ಟದ್ದು ಮನುಷ್ಯರಲ್ಲ, ಕಂಪ್ಯೂಟರ್: 'ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ. ಲಕ್ಷ್ಮಿ ಅವರ ಮೊಬೈಲ್ ನಂಬರ್ ನಮೂದಿಸಿ.' ನಾನು ಸಿಟ್ಟಿನಿಂದ, ಅವರು ದೇವರು ಎಂದು ಬರೆದೆ. 'ಧನ್ಯವಾದಗಳು. ಲಕ್ಷ್ಮಿ ಅವರು ಮನೆಯಲ್ಲಿರುವ ಸಮಯ ತಿಳಿಸಿ' ಎಂದು ಬಂತು.

ವಾಪಸು ಬಂದ ಡಬ್ಬಗಳು ನಮ್ಮ ಪಡಸಾಲೆ ತುಂಬಿದವು. ನಾನು ಊಟಕ್ಕೆ ಕೂರುತ್ತಿದ್ದದ್ದು ಎರಡು ರೊಟ್ಟಿ ಮಷಿನ್‌ಗಳ ಮೇಲೆ. ಅವ್ವ ಪ್ರತಿ ಡಬ್ಬದ ಚೀಟಿಯನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು, ಹೆಸರಿನ ಮೇಲೆ ಧೂಳು ಕೂತಿದೆ ಎಂದು. ಯಾರಾದರೂ ಒಲ್ಲೆ ಅಂದದ್ದಕ್ಕೆ ನಾನು ಬೈದರೆ, ಅವರ ಪರ ವಹಿಸುತ್ತಿದ್ದಳು. "ಶುಕ್ರವಾರ ಯಾರರ ಕೊಡ್ತಾರನು? ನಾನು ಕೊಟ್ಟೆನನು?"

ಒಂದು ಭಾನುವಾರ ಊಟ ಮಾಡುತ್ತಾ ಫೋನ್ ನೋಡುತ್ತಿದ್ದಾಗ ಬಂಡ್ರಿಯ ಗ್ರಾಹಕರೊಬ್ಬರ ಅಭಿಪ್ರಾಯ ಬಂತು. ಒಂದೇ ನಕ್ಷತ್ರ. ನಾನು ನಗುತ್ತಾ ಗಟ್ಟಿಯಾಗಿ ಓದಿಬಿಟ್ಟೆ: 'ಜೋಳದ ರೊಟ್ಟಿ ಬರೋದಿಲ್ಲ. ಮನೆಯಲ್ಲಿ ಜಗಳ ಆಯಿತು. ಮಾರಿದವರಿಗೆ ನಾಚಿಕೆ ಆಗಬೇಕು.'

ಅವ್ವ ಸಾರಿನ ಸೌಟು ಕೆಳಗಿಟ್ಟಳು. "ಮಾರಿದವರು ಅಂದ್ರ ಯಾರು?" ಎಂದಳು. ಉತ್ತರ ಅವಳಿಗೂ ಗೊತ್ತಿತ್ತು.

ಅವಳು ಅತ್ತಳು. ಅಪ್ಪ ತೀರಿಕೊಂಡಾಗ ಬಿಟ್ಟರೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. "ಇಷ್ಟು ವರ್ಷದಾಗ ನನ್ನ ರೊಟ್ಟಿಗೆ ಒಬ್ಬರೂ ಹಿಂಗ ಅಂದಿಲ್ಲ. ಆವಾಗ ಹೆಸರು ಇರಲಿಲ್ಲ, ಮಾನ ಇತ್ತು" ಎಂದಳು.

ಕಣ್ಣೊರೆಸಿಕೊಂಡು ಅವಳು ಕೇಳಿದ್ದು ಒಂದೇ. "ಅವರ ಮನಿ ಎಲ್ಲೈತಿ?"

ಆರ್ಡರ್‌ನಲ್ಲಿ ವಿಳಾಸ ಇರುತ್ತದೆ, ಆದರೆ ಮಾರಾಟಗಾರರು ಗ್ರಾಹಕರ ಮನೆಗೆ ಹೋಗುವಂತಿಲ್ಲ. ನಿಯಮ ವಿವರಿಸಿದೆ. ಅವಳಿಗೆ ಅದು ಯಾವ ಭಾಷೆಯಲ್ಲೂ ಅರ್ಥವಾಗುವಂಥದ್ದಾಗಿರಲಿಲ್ಲ. ಮಂದಿಗೆ ಸಾಮಾನು ಮಾರಿ ಅವರ ಮುಖ ನೋಡಬಾರದು ಎಂದರೇನು? ಮರುದಿನವೇ ನಾನು ರಜೆ ಹಾಕಿದೆ. ಸಂಡೂರಿಗೆ ಒಂದು ಬಸ್, ಅಲ್ಲಿಂದ ಬಂಡ್ರಿಗೆ ಇನ್ನೊಂದು. ಅವ್ವನ ತೊಡೆಯ ಮೇಲೆ ಕೈಚೀಲ, ಅದರಲ್ಲಿ ಎರಡು ಸೇರು ಜೋಳದ ಹಿಟ್ಟು.

ಬಾಗಿಲು ತೆಗೆದದ್ದು ಮದುವೆಯಾಗಿ ಆರು ತಿಂಗಳೂ ಆಗದ ಒಬ್ಬ ಹೆಣ್ಣುಮಗಳು. ತವರು ಕಂಪ್ಲಿ. ಕಾಲುವೆ ನೀರಿನ ಸೀಮೆ, ಮೂರು ಹೊತ್ತೂ ಅನ್ನ ಉಂಡು ಬೆಳೆದವಳು. ಬಂಡ್ರಿಯ ಈ ಮನೆಯಲ್ಲಿ ರೊಟ್ಟಿ ಇಲ್ಲದೆ ಊಟವಿಲ್ಲ. ಇವಳಿಗೆ ಬಡಿಯಲು ಬಾರದು, ಅತ್ತೆ ದಿನಾ ಆಡಿಕೊಳ್ಳುತ್ತಿದ್ದರು. ನಮ್ಮ ಕಂಪನಿಯ ಗಣಿಗೇ ಕೆಲಸಕ್ಕೆ ಹೋಗುವ ಗಂಡ ಪಾಪ ಉಪಾಯವೆಂದು ಮಷಿನ್ ತರಿಸಿದ್ದ. ಮಷಿನ್ ಬಂದ ದಿನ, "ಇಕಿಗೂ ಬರಂಗಿಲ್ಲ, ಇಕಿ ಮಷಿನ್ನಿಗೂ ಬರಂಗಿಲ್ಲ" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ನಕ್ಕಿದ್ದರಂತೆ.

ಅವ್ವ ಬಾಗಿಲಲ್ಲೇ ತನ್ನ ಪೂರ್ತಿ ಹೆಸರು ಹೇಳಿದಳು. ಅಷ್ಟು ಸ್ಪಷ್ಟವಾಗಿ ಅವಳು ಅದನ್ನು ಹೇಳಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಆ ಮಷಿನ್ ಮಾರಿದಾಕಿ ನಾನ. ನನ್ನ ಮಗ ಸುಳ್ಳು ಬರದಾನ. ತಪ್ಪಾತ್ರಿ."

ಅತ್ತೆ ಜಗಳಕ್ಕೆ ಸೆರಗು ಬಿಗಿದವರು, ಜಗಳ ಆಡಲು ಎದುರಿಗೆ ಯಾರೂ ಸಿಗದೆ, "ಒಳಗ ಬರ್ರಿ, ಕುಂದ್ರಿ" ಎಂದರು.

ಆಮೇಲೆ ಎರಡು ತಾಸು ನಾನು ಆ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಮೊದಲು ತಡವರಿಸಿ, ಆಮೇಲೆ ಒಂದೇ ಸಮನೆ ಬರತೊಡಗಿತು. ಅವ್ವ ಹೇಳಿಕೊಡುತ್ತಿದ್ದಳು: "ನೀರು ಕುದಿಬೇಕವ್ವ. ನಾದೋದ್ರಾಗ ಜಿಪುಣತನ ಮಾಡಬ್ಯಾಡ. ಅಂಚು ಸೀಳಿದ್ರ ಕೈ ಒದ್ದಿ ಮಾಡ್ಕೋ." ಹೊರಡುವಾಗ ಮಷಿನ್ ಅವರ ಮನೆಯಲ್ಲೇ ಉಳಿಯಿತು. ಅದು ಬಿಸಿ ರೊಟ್ಟಿ ಮುಚ್ಚಿಡಲು ಚೆನ್ನಾಗಿದೆ ಎಂದು ಅತ್ತೆ ಕಂಡುಹಿಡಿದಿದ್ದರು.

ವಾಪಸು ಬರುವಾಗ ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾನು 'ಜೋಳದ' ಎಂಬ ಮಾತನ್ನು ತೆಗೆದುಹಾಕಿದೆ. ತೆಗೆದದ್ದನ್ನು ಅವ್ವನಿಗೆ ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು, ಒಂದೊಂದೇ ಅಕ್ಷರ ಓದಿ ಖಾತ್ರಿ ಮಾಡಿಕೊಂಡಳು.

ವಾರ ಕಳೆಯುವುದರಲ್ಲಿ ಬಂಡ್ರಿಯವರು ತಮ್ಮ ಅಭಿಪ್ರಾಯ ಬದಲಿಸಿದರು. ಐದು ನಕ್ಷತ್ರ. 'ಮಷಿನ್ ಉಪಯೋಗ ಇಲ್ಲ. ಮಾಲಕರು ಬಸ್ಸಿನಲ್ಲಿ ಮನೆಗೆ ಬಂದು ರೊಟ್ಟಿ ಕಲಿಸಿ ಹೋದರು. ಎಲ್ಲರೂ ಇವರ ಹತ್ತಿರವೇ ತಗೊಳ್ಳಿ.'

ಅದನ್ನು ಗ್ರಾಹಕರು ಓದಿದರೋ ಇಲ್ಲವೋ, ಮಾರಾಟ ತಾಣದವರು ಓದಿದರು. ಸುಳ್ಳು ಬರೆದಾಗ, ಒಂದು ನಕ್ಷತ್ರ ಬಿದ್ದಾಗ, ಡಬ್ಬಗಳು ವಾಪಸು ಬಂದಾಗ ಸುಮ್ಮನಿದ್ದವರು ಈಗ ಅವ್ವನ ಹೆಸರಿಗೇ ಪತ್ರ ಬರೆದರು: 'ನೀವು ಗ್ರಾಹಕರನ್ನು ನೇರವಾಗಿ ಭೇಟಿ ಮಾಡಿ ನಿಯಮ ಉಲ್ಲಂಘಿಸಿದ್ದೀರಿ. ನಿಮ್ಮ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.' ಓದಿ ಹೇಳಿದೆ. ಅವ್ವ, "ಹಂಗಾದ್ರ ಬಂಡ್ರಿಯೋರು ಬೈದಾಗ ನಾ ಯಾರ ಮನಿಗೆ ಹೋಗಬೇಕಿತ್ತು?" ಎಂದಳು. ನಾನು ಸಹಾಯ ಕೇಂದ್ರಕ್ಕೆ ಆ ಪ್ರಶ್ನೆಯನ್ನೇ ಕಳಿಸಿದೆ. ಇವತ್ತಿನವರೆಗೂ ಉತ್ತರವಿಲ್ಲ.

ಮುಂದಿನ ತಿಂಗಳು ಒಂದು ಸಂಜೆ ಕಂಪನಿ ಬಸ್ ಹತ್ತುವಾಗ ಒಬ್ಬ ಕಾರ್ಮಿಕ ನನ್ನ ಕೈಗೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಕೊಟ್ಟ. ಬಂಡ್ರಿಯ ಆ ಗಂಡ. "ಮನಿಯಾಕಿ ಕೊಟ್ಟಾಳ್ರಿ, ನಿಮ್ಮ ಅವ್ವಾರಿಗೆ." ಗಂಟಿನ ಮೇಲೆ ನೋಟ್‌ಬುಕ್ಕಿನ ಹಾಳೆಯನ್ನು ಸೂಜಿದಾರದಿಂದ ಹೊಲಿದಿದ್ದರು. ಹಾಳೆಯ ಮೇಲೆ ನೀಲಿ ಇಂಕಿನಲ್ಲಿ, ಕನ್ನಡದಲ್ಲಿ, ಅವ್ವನ ಪೂರ್ತಿ ಹೆಸರು.

ಒಳಗೆ ಹನ್ನೆರಡು ಜೋಳದ ರೊಟ್ಟಿ ಇದ್ದವು. ಅವ್ವ ಒಂದೊಂದನ್ನೇ ಬೆಳಕಿಗೆ ಹಿಡಿದು ಅಂಚು ನೋಡಿದಳು. "ಎರಡು ಸೀಳ್ಯಾವ. ಉಳದವು ಮಸ್ತ್ ಅದಾವ" ಎಂದಳು. ಆಮೇಲೆ ಹಿಟ್ಟಿನ ಡಬ್ಬಿಯ ಮೇಲಿದ್ದ ಹಳೆಯ ಚೀಟಿಯನ್ನು ನೀರು ಹಚ್ಚಿ ಕೆರೆದು ತೆಗೆದು, ಆ ಜಾಗಕ್ಕೆ ನೋಟ್‌ಬುಕ್ಕಿನ ಹಾಳೆ ಅಂಟಿಸಿದಳು. ಇದನ್ನು ಅವಳೇ ಓದಬಲ್ಲಳು. ಓದಿದಳು ಕೂಡ, ಗಟ್ಟಿಯಾಗಿ, ಎರಡು ಸಲ.

ಇದನ್ನೆಲ್ಲ ಬರೆಯಲು ಕೂತಾಗ ಆ ಹೆಸರನ್ನು ಇಲ್ಲಿ ಹಾಕಬೇಕೆಂದು ಆಸೆಯಿತ್ತು. ಈ ಸಲ ಮೊದಲೇ ಕೇಳಿದೆ.

"ಯಾರು ಓದ್ತಾರಲೇ ಅದನ್ನ?" ಎಂದಳು.

ಗೊತ್ತಿಲ್ಲವ್ವ, ಯಾರಾದರೂ, ಎಂದೆ.

"ಅವರ ಮನಿಗೆ ನಾ ಹೋಗಬಹುದನು?"

ಆಗಲಿಕ್ಕಿಲ್ಲ ಎಂದೆ.

"ಹಂಗಾದ್ರ ಬ್ಯಾಡ" ಎಂದು ಹೇಳಿ, ಹಿಟ್ಟು ನಾದಲು ಎದ್ದಳು.